ಐದು ಗಂಟೆಯ ಆರಾಧನೆ

ರಾಯಚೂರು
9 ನವೆಂಬರ್ 1981

ಕ್ರಿಸ್ತನಲ್ಲಿ ಪ್ರಿಯಳಾದ ರೂತಕ್ಕನಿಗೆ ತಂಗಿ ಸುವಾರ್ತಮ್ಮ ಮಾಡುವ ವಂದನೆಗಳು.

ಹೇಳಿದ್ದೇನು, ಕೊಟ್ಟದ್ದೇನು ಎಂಬುದನ್ನು ಮೊದಲು ಬರೆದುಬಿಡುತ್ತೇನೆ. ಕ್ಷೇಮ ಸಮಾಚಾರ ಆಮೇಲೆ.

ಈ ಹತ್ತಿ ಜಿನ್ನಿನಲ್ಲಿ ಭಾನುವಾರ ರಜೆ ಅಂದರು. ಇಲ್ಲ. ಕೂಸು ಇರುವವರಿಗೆ ನೆರಳಿನ ಕೋಣೆ ಅಂದರು. ಕೋಣೆ ಇದೆ, ಅದರೊಳಗೆ ಹತ್ತಿಕಾಳಿನ ಚೀಲಗಳು ಮಲಗಿವೆ, ಕೂಸುಗಳು ಬಿಸಿಲಿನಲ್ಲಿ. ಎಲ್ಲರಿಗೂ ಒಂದೇ ಕೊಡದ ನೀರು ಅಂದರು. ಕೊಡ ಒಂದೇ, ಆದರೆ ನಾವು ಮುಟ್ಟುವ ಹಾಗಿಲ್ಲ. ಎತ್ತಿ ಹಾಕುವವಳು ಬೇರೆ, ನಾವು ಬೊಗಸೆ ಹಿಡಿಯಬೇಕು. ಸಂಜೆ ಗೇಟಿನಲ್ಲಿ ಮೈಮುಟ್ಟಿ ಹುಡುಕುವ ಝಡತಿ ಇರುವುದಿಲ್ಲ ಅಂದರು. ಇದೊಂದು ಮಾತು ಮಾತ್ರ ನಡೆದಿದೆ. ಕಿರಸ್ತಾನ ಹೆಂಗಸರು ಸೆರಗಿನಲ್ಲಿ ಹತ್ತಿ ಕಟ್ಟಿಕೊಂಡು ಹೋಗುವುದಿಲ್ಲ ಎಂದು ನಮ್ಮ ಪಾದ್ರಿ ಕೃಪಾನಂದ ಅಯ್ಯನವರು ಸಾಹುಕಾರನಿಗೆ ಹೊಣೆಯಾಗಿದ್ದಾರಂತೆ.

ಈ ಜಿನ್ನಿಗೆ ರಜೆ ಅಮಾವಾಸ್ಯೆಗೆ ಮಾತ್ರ. ಅಂದು ಯಂತ್ರಗಳಿಗೆ ಪೂಜೆ, ಕಾಯಿ, ಕುಂಕುಮ. ಯಂತ್ರ ದಣಿಯುತ್ತದೆ ಎಂದು ಸಾಹುಕಾರನಿಗೆ ಗೊತ್ತು. ಬಾಗಲವಾಡದಿಂದ, ಪೋತ್ನಾಳದಿಂದ ಬಂದ ನಾವು ಹದಿನಾಲ್ಕು ಹೆಂಗಸರು ದಣಿಯುತ್ತೇವೆ ಎಂದು ಯಾರೂ ಅವನಿಗೆ ಹೇಳಿಲ್ಲ.

ಅಕ್ಕಾ, ಸುಗ್ಗಿಗೆ ಮುಂಚೆ ನಮ್ಮ ಕೇರಿಯ ಕಟ್ಟೆಯ ಮೇಲೆ ನಿಂತು ಅಯ್ಯನವರು ಏನಂದರು, ನೀನೂ ಕೇಳಿದ್ದೀಯ. "ಕರ್ತನ ದಿನ ಐತಾರ ಬಿಡಲಿಲ್ಲಂದ್ರ ನಾನ ಬಂದು ಗೇಟಿನ್ಯಾಗ ನಿಂದ್ರತೀನಿ, ನೀವು ಅಂಜಬ್ಯಾಡ್ರಬೇ." ಆ ಮಾತು ನಂಬಿ ಬಂದವರು ನಾವು. ಈಗ ಅವರನ್ನು ನೋಡಬೇಕೆಂದರೆ ಆಗುತ್ತಿಲ್ಲ. ವಾರವೆಲ್ಲ ಅವರು ಹಳ್ಳಿಗಳ ಮೇಲೆ ಇರುತ್ತಾರೆ. ನಮ್ಮ ಆರಾಧನೆಯ ಗುಡಿಯಲ್ಲಿ ಸಿಗುವುದು ಭಾನುವಾರ. ಭಾನುವಾರ ನಾವು ಜಿನ್ನಿನಲ್ಲಿ. ಅವರು ದೇವದುರ್ಗಕ್ಕೆ ಬಂದಾಗ ಇಷ್ಟನ್ನು ಅವರ ಕಿವಿಗೆ ಹಾಕು. ಅಮಾವಾಸ್ಯೆಗೆ ಬೇಕಾದರೆ ನಾವು ದುಡಿಯುತ್ತೇವೆ. ಭಾನುವಾರ ಬಿಡಲಿ.

ನಾನು ಕ್ಷೇಮ. ಬೆಳಿಗ್ಗೆ ಹತ್ತಿಯ ರಾಶಿಯ ಮುಂದೆ ಕೂರುವಾಗ ಅವ್ವ ಕಲಿಸಿದ ಹಾಗೆ ಪ್ರಾರ್ಥನೆ ಮಾಡಿಯೇ ಕೈ ಇಡುತ್ತೇನೆ. ಕಸ, ಒಣಗಿದ ಎಲೆ, ಕೊಳೆತ ಕಾಯಿ ಒಂದೂ ಬಿಡದೆ ತೆಗೆಯುತ್ತೇನೆ. ದೇವರು ಉಡುವ ಬಟ್ಟೆ ಇದರಿಂದಲೇ ಆಗುತ್ತದೆ ಎಂದುಕೊಂಡರೆ ಬೆನ್ನು ನೋವು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂರುವ ದಾವಲ್ ಬೀ ನಗುತ್ತಾಳೆ: "ಅಷ್ಟು ಸ್ವಚ್ಛ ಮಾಡಬ್ಯಾಡ್ ಬೇ, ನಾಳಿ ನಮಗೂ ಹಂಗ ಮಾಡು ಅಂತಾರ."

ನಿನ್ನ ತಂಗಿ
ಸುವಾರ್ತ

*

ದೇವದುರ್ಗ
18 ನವೆಂಬರ್ 1981

ಪ್ರಿಯ ಸುವಾರ್ತಳಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಕಣ್ಣೀರು ಬಂತು. ಆದರೂ ಒಂದು ಮಾತು ಹೇಳುತ್ತೇನೆ. ಗೊಣಗುವ ಬಾಯಿಯಿಂದ ಮಾಡಿದ ಪ್ರಾರ್ಥನೆ ಮೇಲಕ್ಕೆ ಏಳುವುದಿಲ್ಲ. ಈ ಮಿಷನ್ನಿನಲ್ಲಿ ಬೈಬಲ್ ವುಮನ್ ಆಗಿ ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿದ್ದೇನೆ. ಎಷ್ಟು ಅಂಗಳದಲ್ಲಿ ನನ್ನನ್ನು ದೂರ ನಿಲ್ಲಿಸಿ ಮಾತಾಡಿಸಿದರು! ನಿಂತೇ ವಾಕ್ಯ ಓದಿದೆ. ಇಂದು ಅದೇ ಮನೆಗಳಲ್ಲಿ ಚಾಪೆ ಹಾಸುತ್ತಾರೆ. ತಾಳ್ಮೆಯಿಂದ ಆಗಿದ್ದು ಅದು.

ಅಯ್ಯನವರು ಮುಂದಿನ ವಾರ ಇಲ್ಲಿಗೆ ಬರುತ್ತಾರೆ, ಹೇಳುತ್ತೇನೆ. ಅವರು ಬೇರೆಯವರೇ? ನಮ್ಮ ಕೇರಿಯಲ್ಲೇ ಹುಟ್ಟಿ ಅವ್ವನ ಕೈಯ ರೊಟ್ಟಿ ತಿಂದು ಓದಿದವರು. ಕೊಟ್ಟ ಮಾತು ಮರೆಯುವವರಲ್ಲ.

ನಗುವ ಸುದ್ದಿ ಒಂದು. ಮೊನ್ನೆ ಕನಕಮ್ಮ ಎಂಬ ಮುದುಕಿಯ ಮನೆಯಲ್ಲಿ ಕುಂಟುತ್ತಾ ಹೋಗಿ ಕುಳಿತು, ಯೇಸಪ್ಪ ಕುಂಟರನ್ನು ನಡೆಸಿದ ಕಥೆ ಹೇಳುತ್ತಿದ್ದೆ. ಎಲ್ಲ ಕೇಳಿದವಳು, "ಯವ್ವಾ, ಮೊದಲು ನಿನ್ನ ಮೊಣಕಾಲು ನೆಟ್ಟಗ ಮಾಡಿಸ್ಕಂಡು ಬಾ, ಆಮ್ಯಾಲೆ ನಾನೂ ಬರ್ತೀನಿ" ಅಂದಳು! ಮೊಣಕಾಲು ಹಾಗೇ ಇದೆ. ಬರುವ ಮೇ ತಿಂಗಳಿಗೆ ನನ್ನ ಸೇವೆ ಮುಗಿಯುತ್ತದೆ. ಆಮೇಲೆ ಮಿಷನ್ ಕಾಂಪೌಂಡಿನ ಈ ಮನೆಯಲ್ಲಿ ಇರಗೊಡುತ್ತಾರೋ ಇಲ್ಲವೋ, ದೇವರ ಚಿತ್ತ.

ನಿನ್ನ ಅಕ್ಕ
ರೂತಮ್ಮ

*

ರಾಯಚೂರು
29 ಡಿಸೆಂಬರ್ 1981

ರೂತಕ್ಕನಿಗೆ ಕ್ರಿಸ್ಮಸ್ಸಿನ ವಂದನೆಗಳು.

ಅಯ್ಯನವರು ಜಿನ್ನಿಗೆ ಬಂದಿದ್ದರು. ನೀನು ಹೇಳಿದ್ದಕ್ಕೇ ಬಂದರು ಎಂದು ಎಲ್ಲರೂ ಕುಣಿದಾಡಿದೆವು. ಕ್ರಿಸ್ಮಸ್ ದಿನ ಮಧ್ಯಾಹ್ನದವರೆಗೆ ಕೆಲಸ ಇತ್ತು. ಹತ್ತಿಯ ರಾಶಿಯ ನಡುವೆ ನಮ್ಮನ್ನು ನಿಲ್ಲಿಸಿ ಹಾಡಿಸಿದರು. ಸಾಹುಕಾರನನ್ನು ಹೊಗಳಿ ಪ್ರಾರ್ಥನೆ ಮಾಡಿದರು. ಸಾಹುಕಾರ ಒಬ್ಬೊಬ್ಬರಿಗೆ ಒಂದು ಬೂಂದಿ ಪೊಟ್ಟಣ ಕೊಟ್ಟ. ಭಾನುವಾರದ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಅಯ್ಯನವರ ಬಾಯಿಯನ್ನೇ ನೋಡುತ್ತಿದ್ದೆ. ಅದು ಬೂಂದಿ ತಿನ್ನುವುದರಲ್ಲಿತ್ತು. ಎದುರಿಗೆ ಕೇಳುವುದು ಮರ್ಯಾದೆ ಅಲ್ಲವೆಂದು ಸುಮ್ಮನಾದೆ. ಒಳಗೆ ಮಾತಾಡಿರಬಹುದು ಎಂದುಕೊಂಡೆ.

ಇನ್ನೊಂದು ಆಯಿತು. ಅದೇ ವಾರ ಒಂದು ಸಂಜೆ ಗೇಟಿನಲ್ಲಿ ಝಡತಿ ಮಾಡುವ ಮಹಾಂತಮ್ಮ ನಮ್ಮನ್ನು ನೋಡಿ "ನೀವು ಹೋಗ್ರಬೇ, ಯೇಸಪ್ಪನ ಮಂದಿ" ಎಂದು ಬಿಟ್ಟಳು. ಹಿಂದೆ ದಾವಲ್ ಬೀ ಎರಡೂ ಕೈ ಮೇಲೆತ್ತಿ ನಿಂತಿದ್ದಳು. ಮಹಾಂತಮ್ಮನ ಕೈ ಅವಳ ಕುಪ್ಪಸದೊಳಗೆ. ದಾವಲ್ ಬೀ ನನ್ನ ಕಡೆ ನೋಡಿ ಅಂದಳು: "ನಿಮಗ ಪಾದ್ರಿ ಹೊಣೆ ಆಗ್ಯಾನ. ನಮಗ ಯಾರು ಆಗ್ಬೇಕಿತ್ತಬೇ? ಅಂದ್ರ ನಾವೇನು ಕಳ್ಳರ ಮಂದೀನಾ?"

ಅಕ್ಕಾ, ಇಷ್ಟು ದಿನ ಆ ಗೇಟು ದಾಟುವಾಗ ನನಗೆ ಹೆಮ್ಮೆ ಆಗುತ್ತಿತ್ತು. ಅವತ್ತು ಆಗಲಿಲ್ಲ. ತಿರುಗಿ ಬಂದು ಅವಳ ಹಿಂದೆ ನಿಂತು ಕೈ ಎತ್ತಿದೆ. "ನನ್ನನ್ನೂ ನೋಡ್ ಬೇ ಮಹಾಂತಮ್ಮ" ಅಂದೆ. ಮಹಾಂತಮ್ಮ ನಕ್ಕಳು, "ಹುಚ್ಚು ಹಿಡೀತೇನ್ ನಿನಗ?" ದಾವಲ್ ಬೀ ನಗಲಿಲ್ಲ. ಮರುದಿನ ತನ್ನ ರೊಟ್ಟಿಯ ಬುತ್ತಿ ನನ್ನ ಮುಂದೆ ಬಿಚ್ಚಿದಳು.

ಈಗ ನಾವು ಮಾತಾಡಿಕೊಂಡಿದ್ದೇವೆ. ಫೆಬ್ರವರಿಯ ಮೊದಲ ಭಾನುವಾರ, ಏಳನೇ ತಾರೀಕು, ಜಿನ್ನಿಗೆ ಹೋಗುವುದಿಲ್ಲ. ಒಂಬತ್ತು ಗಂಟೆಯ ಆರಾಧನೆಗೆ ಹೋಗಿ ಪ್ರಭುವಿನ ಭೋಜನದ ರೊಟ್ಟಿ ತೆಗೆದುಕೊಳ್ಳುತ್ತೇವೆ. ಇಷ್ಟೇ. ಕೂಗುವುದಿಲ್ಲ, ಕಲ್ಲು ಎಸೆಯುವುದಿಲ್ಲ. ನೀನು ದೇವದುರ್ಗದ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಾ. ಬಿಳಿ ಸೀರೆ ಉಟ್ಟು ನೀನು ಮುಂದಿದ್ದರೆ ಇವರಿಗೆ ಧೈರ್ಯ. ಈ ಮಾತು ನಿನ್ನಲ್ಲೇ ಇರಲಿ.

ಸುವಾರ್ತ

*

ದೇವದುರ್ಗ
11 ಜನವರಿ 1982

ಸುವಾರ್ತಳಿಗೆ ಆಶೀರ್ವಾದಗಳು.

ಅವಸರ ಮಾಡಬೇಡ. ಅಯ್ಯನವರು ಒಳ್ಳೆಯ ದಾರಿ ಹುಡುಕುತ್ತಿದ್ದಾರೆ. ಸಾಹುಕಾರರು ನಾವು ತಿಳಿದಷ್ಟು ಕೆಟ್ಟವರಲ್ಲ. ದೇವಜನರನ್ನು ಕಂಡರೆ ಎದ್ದು ನಿಲ್ಲುವ ಸ್ವಭಾವ. ನಿನಗೆ ಏನೂ ಆಗುವುದಿಲ್ಲ, ಆ ಧೈರ್ಯ ನನಗಿದೆ.

ಹಬ್ಬ ಕಳೆದ ಮೇಲೆ ರಾಯಚೂರಿಗೆ ಬಂದು ನಿನ್ನನ್ನು ನೋಡಬೇಕೆಂದಿದ್ದೆ. ಮೊಣಕಾಲು ಬಿಡಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟ.

ಆ ಮುಸಲ್ಮಾನ ಹೆಂಗಸಿನ ಜೊತೆ ಗೇಟಿನಲ್ಲಿ ನಿಂತದ್ದು ಯಾಕೆ? ನಮ್ಮ ಹೆಸರು ಕೆಡಿಸಬೇಡ. ಆ ಹೆಸರು ಸಂಪಾದಿಸಲು ನಾವು ಪಟ್ಟ ಪಾಡು ನಿನಗೆ ಗೊತ್ತಿಲ್ಲ.

ರೂತಮ್ಮ

*

ರಾಯಚೂರು
1 ಫೆಬ್ರವರಿ 1982

ಅಕ್ಕನಿಗೆ ವಂದನೆಗಳು.

ಅಯ್ಯನವರು ಹುಡುಕಿದ ಒಳ್ಳೆಯ ದಾರಿ ನಿನ್ನೆ ಸಿಕ್ಕಿತು. ಕೇಳು.

ಜಿನ್ನಿನ ಹೆಂಗಸರಿಗೆ ಇನ್ನು ಮುಂದೆ ಬೇರೆ ಆರಾಧನೆ. ಬೆಳಗಿನ ಜಾವ ಐದು ಗಂಟೆಗೆ. ಆರೂವರೆಗೆ ಜಿನ್ನಿನ ಭೋಂಗಾ ಊದುತ್ತದಲ್ಲ, ಅಷ್ಟರೊಳಗೆ ಹಾಡು, ವಾಕ್ಯ, ಕಾಣಿಕೆ ಎಲ್ಲ ಮುಗಿಯುತ್ತದೆ. ನಿನ್ನೆ ಹೋದೆವು. ಪೋತ್ನಾಳದ ಜಯಶೀಲ ಕೂಸಿಗೆ ಹಾಲು ಕುಡಿಸುತ್ತಾ ಗೋಡೆಗೆ ತಲೆ ಆನಿಸಿ ನಿದ್ದೆ ಹೋದಳು. ನಾನು ಆಮೆನ್ ಅನ್ನಬೇಕಾದಲ್ಲಿ ಆಕಳಿಸಿದೆ. ಹತ್ತು ಆಜ್ಞೆಗಳನ್ನು ಅಯ್ಯನವರು ಓದುತ್ತಾ ಬಂದರು. ನಾಲ್ಕನೆಯದು, ದೇವರ ದಿನ ಯಾವ ಕೆಲಸವನ್ನೂ ಮಾಡಬೇಡ ಎಂಬುದು, ಬಂದಾಗ ಅವರ ದನಿ ಓಡಿತು, ನಾಯಿ ಬೆನ್ನತ್ತಿದವರ ಹಾಗೆ.

ಮುಗಿದ ಮೇಲೆ ನಾನು ಎದ್ದು ಕೇಳಿದೆ: "ಅಯ್ಯನೋರೇ, ಇದು ಯಾರಿಗೆ ಅನುಕೂಲ ಆತ್ರಿ?"

"ನಿಮಗಬೇ ತಂಗಿ. ದೇವರಿಗೂ ಆತು, ಸಾಹುಕಾರ್ರಿಗೂ ಆತು. ಯಾರಿಗೂ ನೋವಿಲ್ಲ."

"ಗೇಟಿನ್ಯಾಗ ನಿಂದ್ರತೀನಿ ಅಂದಿದ್ರಿ."

"ನಿಂದ್ರೋದಂದ್ರ ಕಾಲಲೇ ನಿಂದ್ರೋದು ಅಷ್ಟ ಅಲ್ಲವಾ, ಪ್ರಾರ್ಥನಿಯೊಳಗ ನಿಂತೀನಿ."

ಅಷ್ಟರಲ್ಲಿ ಭೋಂಗಾ ಊದಿತು. ಆಶೀರ್ವಾದಕ್ಕೆ ಎತ್ತಿದ ಅವರ ಕೈ ಅಲ್ಲೇ ಇತ್ತು, ನಾವು ಓಡಿದೆವು. ಜಿನ್ನಿನಲ್ಲಿ ದಾವಲ್ ಬೀಗೆ ಹೇಳಿದೆ. ಹತ್ತಿ ಆರಿಸುವ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಮ್ಮ ದೇವರಿಗೂ ಪಾಳಿ ಹಚ್ಚಿದರೇನಬೇ?" ಅಂದಳು. ಮೊದಲು ನಕ್ಕೆ. ಆಮೇಲೆ ದಿನವೆಲ್ಲ ಕಸ ಆರಿಸುತ್ತಾ ಆ ಮಾತನ್ನೇ ನೆನೆದೆ.

ಟೀಚರುಗಳು, ಕಂಪೌಂಡರು, ರೈಲ್ವೆ ಗುಮಾಸ್ತರ ಮನೆಯವರು ಒಂಬತ್ತು ಗಂಟೆಗೆ ಇಸ್ತ್ರಿ ಸೀರೆ ಉಟ್ಟು ಬರುತ್ತಾರೆ. ಕೇರಿಯವರಿಗೆ ಕತ್ತಲಲ್ಲಿ ಒಂದು ದೇವರು, ಅವರಿಗೆ ಬೆಳಕಿನಲ್ಲಿ ಒಂದು ದೇವರು. ಊರಿನಲ್ಲಿ ಗುಡಿಯ ಹೊರಗೆ ನಿಲ್ಲಿಸಿದರೆಂದು ಅವ್ವ ಈ ಗುಡಿಗೆ ಬಂದಳು. ಇಲ್ಲಿ ಗೋಡೆ ಇಲ್ಲ, ಗಡಿಯಾರ ಇದೆ.

ಏಳನೇ ತಾರೀಕಿಗೆ ನಾವು ಒಂಬತ್ತಕ್ಕೇ ಹೋಗುವುದು. ಶನಿವಾರ ಸಂಜೆಯ ಬಸ್ಸಿಗೆ ನೀನು ಬಾ. ಬಸ್ ಸ್ಟ್ಯಾಂಡಿಗೆ ನಾನು ಬಂದು ನಿಂತಿರುತ್ತೇನೆ, ಮೆಟ್ಟಿಲು ಇಳಿಸಿಕೊಳ್ಳುತ್ತೇನೆ.

ಸುವಾರ್ತ

*

ರಾಯಚೂರು
10 ಫೆಬ್ರವರಿ 1982

ಅಕ್ಕನಿಗೆ,

ನೀನು ಬರಲಿಲ್ಲ. ಕಾಗದವೂ ಬರಲಿಲ್ಲ. ಕೊನೆಯ ಬಸ್ಸಿನವರೆಗೂ ನಿಂತು ತಿರುಗಿ ಹೋದೆ.

ಹದಿನಾಲ್ಕರಲ್ಲಿ ಒಂಬತ್ತು ಮಂದಿ ಉಳಿದೆವು. ಮಿಕ್ಕ ಐವರು ಅಂಜಿದರು, ಅವರನ್ನು ಬೈಯುವುದಿಲ್ಲ. ಒಂಬತ್ತು ಗಂಟೆಗೆ ಗುಡಿಗೆ ಹೋಗಿ ಹಿಂದಿನ ಚಾಪೆಯ ಮೇಲೆ ಕುಳಿತೆವು. ಅಯ್ಯನವರು ನೋಡಿದರು, ನೋಡದವರ ಹಾಗೆ ಪ್ರಸಂಗ ಮಾಡಿದರು. ಪ್ರಭುವಿನ ಭೋಜನದ ಹೊತ್ತಿಗೆ ರೊಟ್ಟಿಯ ತಟ್ಟೆ ಸಾಲು ಸಾಲಾಗಿ ಬಂತು. ನಾವು ಮೊಣಕಾಲೂರಿ ಕೈ ಚಾಚಿದೆವು. ತಟ್ಟೆ ನಮ್ಮನ್ನು ದಾಟಿ ಹೋಯಿತು. ಜಯಶೀಲಳಿಗೆ ತಿಳಿಯಲಿಲ್ಲ, ಇನ್ನೂ ಕೈ ಚಾಚಿಯೇ ಇದ್ದಳು. ಅಯ್ಯನವರು ಮೆಲ್ಲಗೆ ಅಂದರು, "ನಿಮ್ಮದು ಐದರ ಆರಾಧನಿಯೊಳಗ ಆತಲ್ಲಬೇ. ಅದಕ್ಕ ಬರಲಾರದವರಿಗೆ ಇದರಾಗ ಇಲ್ಲ."

ಹಸಿವು ನನಗೆ ಗೊತ್ತು. ಬರಗಾಲದಲ್ಲಿ ಕಳ್ಳಿಹಣ್ಣು ತಿಂದು ಬೆಳೆದವರು ನಾವಿಬ್ಬರು. ಅಕ್ಕಾ, ಒಂದು ಉಗುರಿನಷ್ಟು ರೊಟ್ಟಿ ಸಿಗದೆ ಎದ್ದು ಬಂದ ಹಸಿವು ಬೇರೆ.

ಸೋಮವಾರ ಗೇಟಿನಲ್ಲಿ ಎಂಟು ಮಂದಿಯನ್ನು ಒಳಗೆ ಬಿಟ್ಟರು. ಬಿಡುವ ಮುಂಚೆ ಅವರಿಗೆ ಝಡತಿ. ಹತ್ತಿ ಹೊರಗೆ ಹೋಗುವಾಗ ಅಲ್ಲ, ಬರಿಗೈಯಲ್ಲಿ ಒಳಗೆ ಬರುವಾಗ! ಬರೀ ಅವಮಾನಕ್ಕೆ. ನನ್ನನ್ನು ಒಳಗೆ ಬಿಡಲೇ ಇಲ್ಲ. ಜಿನ್ನಿನ ಗುಮಾಸ್ತ ಹೊರಗೆ ಬಂದು, "ನಿನಗ ಕೆಲಸ ಇಲ್ಲ, ಹೋಗು" ಅಂದ.

"ನನ್ನೊಬ್ಬಾಕೀನ ಯಾಕ್ರಿ? ಒಂಬತ್ತು ಮಂದಿ ಹೋಗಿದ್ದಿವಿ."

"ಒಂಬತ್ತು ಮಂದೀನ ಎಬ್ಬಿಸಿದಾಕಿ ನೀನು. ನನಗ ಸುಳ್ಳು ಹೇಳಬ್ಯಾಡ. ನಿಮ್ಮಕ್ಕನ ಬಂದು ಸಾಹುಕಾರ್ರ ಮುಂದ ಕುಂತು ಹೇಳಿ ಹೋಗ್ಯಾಳ."

ನಾನು ಅವನ ಮೇಲೆ ಏರಿ ಹೋದೆ. "ನಮ್ಮಕ್ಕನ ಹೆಸರು ನಿನ್ನ ಬಾಯಾಗ ಬರಬಾರದು" ಎಂದು ಕಿರುಚಿದೆ. ದಾವಲ್ ಬೀ ಬಂದು ನನ್ನ ತೋಳು ಹಿಡಿದಳು. ಹಿಡಿದವಳು ಮುಖ ಆಚೆ ಮಾಡಿದಳು. ನಾನೇ ಅವಳ ಮುಖ ತಿರುಗಿಸಿ ಕೇಳಿದೆ. ಆಗ ಹೇಳಿದಳು: "ಖರೇ ಅದ ಬೇ. ಹಬ್ಬ ಆದ ಮ್ಯಾಲೆ ಒಂದು ಬೇಸ್ತವಾರ ಸಾಹುಕಾರ್ರ ಮನಿಗೆ ಚೀಲ ಕೊಡಾಕ ಹೋಗಿದ್ದೆ. ನಿಮ್ಮ ಪಾದ್ರಿ ಜೋಡಿ ಬಿಳಿ ಸೀರಿ ಮುದುಕಿ ಕುಂತಿದ್ದಳು, ಮಾರಿ ನಿನ್ನಂಗ ಇತ್ತು. ನಿನಗ ಹೇಳಿದ್ರ ನೀ ಒಡೆದು ಹೋಗ್ತಿ ಅಂತ ಹೇಳಲಿಲ್ಲ."

ಬಸ್ಸಿನ ಮೆಟ್ಟಿಲು ಹತ್ತಲಾಗದ ಮೊಣಕಾಲು ಸಾಹುಕಾರನ ಮನೆಯ ಮೆಟ್ಟಿಲು ಹೇಗೆ ಹತ್ತಿತು?

ಇದು ಸುಳ್ಳು ಎಂದು ಒಂದು ಸಾಲು ಬರೆ. ಒಂದೇ ಸಾಲು ಸಾಕು. ಆ ಗುಮಾಸ್ತನನ್ನೂ ದಾವಲ್ ಬೀಯನ್ನೂ ಬಿಟ್ಟು ನಿನ್ನನ್ನು ನಂಬುತ್ತೇನೆ.

ಸುವಾರ್ತ

*

ದೇವದುರ್ಗ
20 ಫೆಬ್ರವರಿ 1982

ಸುವಾರ್ತ,

ಆ ಸಾಲು ಬರೆಯಲು ಮೂರು ಸಲ ಕುಳಿತೆ. ಆಗಲಿಲ್ಲ.

ಹೋಗಿದ್ದೆ. ಅಯ್ಯನವರು ಕರೆದುಕೊಂಡು ಹೋದರು. ನೀನು ಬರೆದದ್ದನ್ನು ಅವರಿಗೆ ನಾನೇ ಹೇಳಿದ್ದೆ. ಸಭಾಪಾಲಕರಿಗೆ ಹೇಳದೆ ಇನ್ನಾರಿಗೆ ಹೇಳಲಿ? ಅವರು ಗಾಬರಿಯಾದರು. ಮಾನ್ವಿಯ ನಮ್ಮ ಸಮಾಧಿ ಭೂಮಿಗೆ ಸಾಹುಕಾರರು ಗೋಡೆ ಕಟ್ಟಿಸಿಕೊಡುವ ಮಾತು ನಡೆದಿತ್ತು. ಅವ್ವನ ಸಮಾಧಿಯನ್ನು ಹಂದಿಗಳು ಕೆದರಿದ್ದನ್ನು ಕಂಡು ನೀನು ಮಣ್ಣಿನ ಮೇಲೆ ಬಿದ್ದು ಅತ್ತಿದ್ದೆಯಲ್ಲ. ಈಗ ಹೋಗಿ ನೋಡು, ಎದೆಮಟ್ಟ ಗೋಡೆ ಎದ್ದಿದೆ. ಅಲ್ಲಿ ಮಲಗಿದ ನಮ್ಮವರ ಮೇಲೆ ಇನ್ನು ಹಂದಿ ಓಡಾಡುವುದಿಲ್ಲ. ನೀವು ಗದ್ದಲ ಮಾಡಿದರೆ ಗೋಡೆಯ ಕೆಲಸ ನಿಂತುಹೋಗುತ್ತದೆ ಎಂದು ಅಯ್ಯನವರು ಅಂದಿದ್ದರು.

ಸಾಹುಕಾರರು ನನಗೆ ಕುರ್ಚಿ ಕೊಟ್ಟರು, ಸುವಾರ್ತ. ಕೇರಿಯವಳಿಗೆ ಕುರ್ಚಿ. ಕೂತ್ಕೋರಿ ಅಮ್ಮ ಅಂದರು. ಮೂವತ್ತು ವರ್ಷದಲ್ಲಿ ಚಾಪೆ ಕಂಡಿದ್ದೆ, ಕುರ್ಚಿ ಕಂಡಿರಲಿಲ್ಲ. "ಇವರ ಮುಂದ ಇರಾಕಿ ಯಾರು?" ಎಂದು ಕೇಳಿದರು. "ನನ್ನ ತಂಗೀನ ರೀ, ಸ್ವಲ್ಪ ಸಂಭಾಳಿಸ್ಕಳ್ರಿ" ಅಂದೆ. ದೇವರಾಣೆ, ಇಷ್ಟೇ. ಬೈಬಲ್ ವುಮನ್ನಿನ ತಂಗಿ ಎಂದು ತಿಳಿದರೆ ನಿನ್ನನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಹೆಸರು ಹೇಳಿದರೆ ನಿನಗೆ ಕಾವಲಾಗುತ್ತದೆ ಎಂದುಕೊಂಡೆ.

ನನ್ನ ಮನೆಯ ಮಾತೂ ಇತ್ತು, ಮುಚ್ಚಿಡುವುದಿಲ್ಲ. ಮೇ ಆದ ಮೇಲೂ ಈ ಮನೆಯಲ್ಲಿ ಇರಬಹುದು ಎಂದು ಅಯ್ಯನವರು ಅಂದಿದ್ದಾರೆ. ಈ ಕಾಲು ಇಟ್ಟುಕೊಂಡು ನಾನು ಎಲ್ಲಿಗೆ ಹೋಗಲಿ?

ನೀನೂ ಇಲ್ಲಿಗೆ ಬಂದುಬಿಡು. ಹಾಸ್ಟೆಲಿನ ಅಡುಗೆ ಮನೆಯಲ್ಲಿ ಕೆಲಸ ಕೊಡಿಸುತ್ತಾರೆ. ಸಭೆಯ ಮುಂದೆ ನಿಂತು ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಸಾಕಂತೆ.

ನಿನ್ನ ಅಕ್ಕ

*

ರಾಯಚೂರು
8 ಮಾರ್ಚ್ 1982

ರೂತಮ್ಮನವರಿಗೆ,

ಹೀಗೇ ಬರೆಯಬೇಕು ಎಂದುಕೊಂಡು ಕುಳಿತೆ. ನಿಮ್ಮ ಕಾಗದ ತಲುಪಿತು. ತಪ್ಪಾಯಿತು ಎಂದು ನಾನು ಹೇಳುವುದಿಲ್ಲ. ಯಾವ ತಪ್ಪು? ಹತ್ತಿಯಲ್ಲಿ ಕಸ ಬಿಟ್ಟವಳಲ್ಲ, ಸೆರಗಿನಲ್ಲಿ ಕದ್ದವಳಲ್ಲ, ದೇವರ ದಿನ ದೇವರಿಗೆ ಕೊಡಿ ಅಂದವಳು.

ಗೋಡೆ ಎದ್ದಿದೆ ಎಂದು ಬರೆದಿದ್ದೀರಿ. ಸತ್ತವರಿಗೆ ಗೋಡೆ ಕಟ್ಟಿಸಲು ಬದುಕಿದವರ ಭಾನುವಾರ ಮಾರಿದಿರಿ. ಅವ್ವನನ್ನು ಕೇಳಿದ್ದರೆ ಏನನ್ನುತ್ತಿದ್ದಳು? ಗೌಡರ ಮನೆಯ ಸತ್ತ ಎಮ್ಮೆ ಹೊರುವುದಿಲ್ಲ, ಇವತ್ತು ಭಾನುವಾರ ಎಂದು ಹೇಳಿ, ಬಾಗಲವಾಡದಲ್ಲಿ ಬೆನ್ನಿಗೆ ಬಾರುಕೋಲು ತಿಂದವಳು ಅವಳು. ನೀನೇ ಆ ಬೆನ್ನಿಗೆ ಎಣ್ಣೆ ಅರಿಷಿಣ ಹಚ್ಚಿದವಳು! ನೋಡು, "ನೀವು" ಎಂದು ಬರೆಯಲು ಹೊರಟಿದ್ದೆ, ಕೈ ಕೇಳಲಿಲ್ಲ.

ಸಾಹುಕಾರ ನನ್ನನ್ನು ಹೊರಗೆ ಹಾಕಿದ. ಅವನು ಸಾಹುಕಾರ, ಅವನಿಂದ ಬೇರೇನು ಬರುತ್ತದೆ? ಅಯ್ಯನವರು ಮಾತು ತಿಂದರು. ಅದಕ್ಕೂ ಎದೆ ಗಟ್ಟಿ ಮಾಡಿಕೊಂಡೆ. ನಿನಗೆ ಒಂದು ಕುರ್ಚಿ ಸಾಕಾಯಿತಲ್ಲ ಅಕ್ಕ! ನನ್ನ ಹೆಸರು ನನಗೆ ಕಾವಲಾಗುತ್ತದೆ ಎಂದು ಅವನ ಕೈಗೆ ಕೊಟ್ಟೆಯಾ? ಅವನು ನಿನ್ನನ್ನು ಕೂರಿಸಿದ್ದು ನೀನು ದೇವರ ಸೇವಕಿ ಎಂದಲ್ಲ. ನಿಂತಿದ್ದರೆ ನೀನು ಹೇಳುತ್ತಿರಲಿಲ್ಲ, ಅದು ಅವನಿಗೆ ಗೊತ್ತಿತ್ತು.

ನನ್ನ ಹೊಟ್ಟೆಯ ಚಿಂತೆ ಬೇಡ. ಗಂಜ್ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತೇನೆ. ಕೈ ಉರಿಯುತ್ತದೆ, ಪ್ರಾರ್ಥನೆ ನಿಂತಿಲ್ಲ. ಹಾಸ್ಟೆಲಿನ ಅಡುಗೆ ಮನೆ ನಿಮ್ಮ ಅಯ್ಯನವರಿಗೇ ಇರಲಿ.

ಐದು ಗಂಟೆಯ ಆರಾಧನೆ ಖಾಲಿಯಾಗಿದೆ. ಹೋದ ಭಾನುವಾರ ಅಯ್ಯನವರು ಗಂಟೆ ಹೊಡೆದು ಒಬ್ಬರೇ ಕೂತಿದ್ದರಂತೆ. ಜಿನ್ನಿನ ಹೆಂಗಸರೆಲ್ಲ ಮಾತಾಡಿದ್ದಾರೆ. ನಮ್ಮವರಷ್ಟೇ ಅಲ್ಲ. "ವಾರಕ್ಕೊಂದು ದಿನ ಬೆನ್ನು ನೆಟ್ಟಗ ಮಾಡಾಕ ನಮಗೂ ಬೇಕಬೇ, ಅದು ನಿಮ್ಮ ಐತಾರ ಆದ್ರ ಆಗಲಿ" ಎಂದು ದಾವಲ್ ಬೀ ತನ್ನ ಓಣಿಯ ಹೆಂಗಸರನ್ನು ಒಪ್ಪಿಸಿದ್ದಾಳೆ. ನಮಗೂ ಅವರಿಗೂ ಒಟ್ಟಿಗೆ ಬೇಡಿಕೆ ಎರಡು: ವಾರದ ರಜೆ, ಯಾರಿಗೂ ಝಡತಿ ಬೇಡ. ಯೇಸಪ್ಪನ ಮಂದಿ ಎಂದು ನಮ್ಮನ್ನು ಮಾತ್ರ ಬಿಡುವುದೂ ಬೇಡ. ಮಹಾಂತಮ್ಮ ಕೂಡ ಬರುತ್ತೇನೆ ಅಂದಿದ್ದಾಳೆ. "ದಿನಾ ಮಂದಿ ಎದಿಯೊಳಗ ಕೈ ಹಾಕಿ ಹಾಕಿ ನನಗೂ ಹೇಸಿಕಿ ಬಂದದ" ಅಂದಳು.

ಗುಡಿಯಲ್ಲಿ ಕೊಡದಿದ್ದರೆ ಗೇಟಿನಲ್ಲಿ ಆರಾಧನೆ ಮಾಡುತ್ತೇವೆ. ರಸ್ತೆಯ ಈಚೆ ಬದಿ, ಸರ್ಕಾರದ ಜಾಗ. ಹಾಡು ನಮಗೆ ಬರುತ್ತದೆ. ವಾಕ್ಯ ಜಯಶೀಲ ಓದುತ್ತಾಳೆ, ನಾಲ್ಕನೆಯ ಆಜ್ಞೆ ನಿಧಾನವಾಗಿ. ರೊಟ್ಟಿ ನಾನು ಬಡಿದು ತರುತ್ತೇನೆ, ಜೋಳದ್ದು. ಪಾದ್ರಿಯ ಕೈ ಇಲ್ಲದೆ ಅದನ್ನು ಮುರಿಯುವುದು ಪಾಪ ಅಂದರೆ, ಆ ಪಾಪ ನನ್ನ ಮೇಲಿರಲಿ. ದೇವರ ಮುಂದೆ ನಿಂತು ಉತ್ತರ ಹೇಳುತ್ತೇನೆ. ಅಲ್ಲಿ ಐದರದು ಬೇರೆ, ಒಂಬತ್ತರದು ಬೇರೆ ಇರುವುದಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಆ ಮಾತು ಇನ್ನೂ ಬಾಯಿಗೆ ಬಂದಿಲ್ಲ, ಬಾರದೆ ಬರೆದರೆ ನಾನೂ ಕೃಪಾನಂದ ಅಯ್ಯನವರೇ ಆಗುತ್ತೇನೆ. ಆದರೂ ಬಾ. ಅಯ್ಯನವರಿಗೆ ಹೇಳಿ ಬರುವೆಯೋ, ಹೇಳದೆ ಬರುವೆಯೋ ನಿನಗೆ ಬಿಟ್ಟದ್ದು. ಬಂದರೆ, ಸಾಹುಕಾರನ ಮುಂದೆ ಕೂತು ಹೇಳಿದ್ದನ್ನು ಆ ಹೆಂಗಸರ ಮುಂದೆ ನಿಂತು ಹೇಳು. ಹೇಳಲಾಗದಿದ್ದರೆ ಸುಮ್ಮನೆ ಸಾಲಿನಲ್ಲಿ ಕೂರು. ರೊಟ್ಟಿ ನಿನ್ನನ್ನು ದಾಟಿ ಹೋಗುವುದಿಲ್ಲ. ದಾಟಿಸುವವರು ನಾವಲ್ಲ.

ಈ ಸಲ ಬಸ್ ಸ್ಟ್ಯಾಂಡಿಗೆ ನಾನು ಬರುವುದಿಲ್ಲ. ದಾರಿ ನಿನಗೆ ಗೊತ್ತು.

ಮಾರ್ಚ್ ಹದಿನಾಲ್ಕು, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ, ಜಿನ್ನಿನ ಗೇಟು.

ಸುವಾರ್ತಮ್ಮ